ಆಯ್ತಣ್ಣ ಅಂದ ಮೇಲೆ

ನಮ್ಮ ಕಡೆ ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಅನ್ನಬಾರದು. 'ಹೋಗ್ಬರ್ತೀನಿ' ಅನ್ನಬೇಕು. ಚಿಂತಾಮಣಿ, ಬಾಗೇಪಲ್ಲಿ ಕಡೆಯ ತೆಲುಗು ಮನೆಗಳಲ್ಲೂ ಅಷ್ಟೇ, 'ಪೋಯಿ ವಸ್ತಾನು'. ಹಾಗಂದ ಮೇಲೂ ಯಾರೂ ಹೊರಡೋದಿಲ್ಲ ಅನ್ನೋದು ಬೇರೆ ಮಾತು. ಹೊಸ್ತಿಲ ಹತ್ತಿರ ಐದು ನಿಮಿಷ, ಚಪ್ಪಲಿ ಹಾಕ್ಕೊಂಡು ಐದು ನಿಮಿಷ, ಬೈಕ್ ಸ್ಟಾರ್ಟ್ ಮಾಡಿ ಮತ್ತೆ ಆಫ್ ಮಾಡಿ ಹತ್ತು ನಿಮಿಷ. ಬಂದ ಕೆಲಸದ ಮಾತು ಹೊರಗೆ ಬರೋದೇ ಅಲ್ಲಿ. ಒಳಗೆ ಕೂತಿದ್ದಾಗ ಮಳೆ, ಬೋರ್‌ವೆಲ್, ಟೊಮೆಟೊ ರೇಟು ಎಲ್ಲಾ ಆಗಿರುತ್ತೆ. ಚಪ್ಪಲಿಗೆ ಕಾಲು ತೂರಿಸುವಾಗ 'ಅಂದಂಗೆ, ಆ ಇಪ್ಪತ್ತು ಸಾವಿರದ ವಿಷಯ...' ಅಂತ ಶುರುವಾಗುತ್ತೆ.

ಇದು ನನಗೆ ಹುಟ್ಟಿನಿಂದ ಗೊತ್ತಿದ್ದ ವಿಷಯ. ಆದರೂ 'ಕೋಚ್' ಅನ್ನಿಸಿಕೊಂಡ ಮೇಲೆ ಮರೆತೆ. ಆ ಮರೆವಿಗೆ ಒಂದು ಮನೆಯವರು ಬೆಲೆ ಕೊಟ್ಟರು. ಅದನ್ನು ಬರೆಯೋಣ ಅಂತ ಕೂತಿದ್ದೀನಿ.

ಮೊದಲು ಒಂದು ಸ್ಪಷ್ಟನೆ. ನಮ್ಮ ಜಿಲ್ಲೆಯಲ್ಲಿ ಕೋಚಿಂಗ್ ಅಂದರೆ ಸಿಇಟಿ ಟ್ಯೂಷನ್ನು, ಇಲ್ಲಾ ಕೆಎಎಸ್ ಪರೀಕ್ಷೆಯ ತಯಾರಿ. ನಾನು ಹೇಳ್ತಿರೋದು ಅದಲ್ಲ. ಎದುರಿಗೆ ಕೂತವರು ತಮ್ಮ ಕೆಲಸದ, ಬದುಕಿನ ಯಾವುದೋ ಗಂಟನ್ನು ಹೇಳಿಕೊಳ್ಳುತ್ತಾರೆ. ನೀವು ಪಾಠ ಮಾಡಲ್ಲ, ಸಲಹೆ ಕೊಡಲ್ಲ. ಪ್ರಶ್ನೆ ಕೇಳಿ ಕೇಳಿ ಅವರೇ ದಾರಿ ಹುಡುಕಿಕೊಳ್ಳುವಂತೆ ಮಾಡ್ತೀರಿ. ಐಟಿ ಕಂಪನಿಗಳಲ್ಲಿ ಇದೊಂದು ದೊಡ್ಡ ವ್ಯವಹಾರ. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಅಂತ ಒಂದು ಸಂಸ್ಥೆ ಇದೆ. ಒಳ್ಳೆ ಕೋಚ್‌ಗೆ ಏನೇನು ಬರಬೇಕು ಅಂತ ಅವರದೊಂದು ಪಟ್ಟಿ, ಅದರಲ್ಲಿ ಸೆಷನ್ನನ್ನು ಕ್ಲೈಂಟ್ ಜೊತೆ ಸೇರಿ ಮುಗಿಸೋದೂ ಒಂದು. ಜೊತೆ ಸೇರಿ ಅನ್ನೋದನ್ನ ನಾನು ಓದಿದ್ದೆ, ತರಬೇತಿಯಲ್ಲಿ ನೋಟ್ಸ್ ಕೂಡ ಮಾಡಿಕೊಂಡಿದ್ದೆ.

ಆ ತರಬೇತಿಗೆ ಕಂಪನಿಯೇ ಕಳಿಸಿತ್ತು. ಗ್ರೋ ಮಾಡೆಲ್ ಹೇಳಿಕೊಟ್ಟರು. ಜಾನ್ ವಿಟ್‌ಮೋರ್ ಅಂತ ಒಬ್ಬರು, ಮೊದಲು ಕಾರ್ ರೇಸ್ ಓಡಿಸ್ತಿದ್ದವರು, 1992ರಲ್ಲಿ ಪುಸ್ತಕ ಬರೆದು ಇದನ್ನು ಜಗತ್ತಿಗೆಲ್ಲಾ ಹರಡಿದರು. ಗುರಿ ಏನು, ಈಗಿನ ಸ್ಥಿತಿ ಏನು, ದಾರಿಗಳು ಯಾವುವು, ಕೊನೆಗೆ ಏನು ಮಾಡ್ತೀಯಾ. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಇದು ತಕ್ಷಣ ಹಿಡಿಸಿಬಿಡುತ್ತೆ. ಒಂದು ಫಂಕ್ಷನ್ ಬರೆದಂಗೆ ಇದೆ: ಇನ್‌ಪುಟ್ ತಗೋ, ಕೆಲಸ ಮಾಡು, ರಿಟರ್ನ್ ಮಾಡು, ಮುಗೀತು.

ಕಂಪನಿಯ ಹೊರಗೂ ಇದನ್ನ ಮಾಡೋಣ ಅನ್ನಿಸ್ತು. ತಿಂಗಳಿಗೆ ಎರಡು ಭಾನುವಾರ ಚಿಕ್ಕಬಳ್ಳಾಪುರಕ್ಕೆ ಬಂದು ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯಲ್ಲಿ ಕೂತು ನಮ್ಮ ಕಡೆಯ ಬಿಇ ಹುಡುಗ ಹುಡುಗಿಯರ ಜೊತೆ ಮಾತಾಡ್ತೀನಿ. ಕಾಸು ತಗೊಳ್ಳಲ್ಲ. ಗೌರಿಬಿದನೂರಿನ ಬಸ್ಸೂ, ಚಿಂತಾಮಣಿ ಬಸ್ಸೂ, ನಮ್ಮ ಶಿಡ್ಲಘಟ್ಟದ ಬಸ್ಸೂ ಬಂದು ಸೇರೋ ಜಾಗ ಅದು, ಎಲ್ಲರಿಗೂ ಅನುಕೂಲ. ಅವರನ್ನು 'ಕ್ಲೈಂಟ್' ಅನ್ನಲು ನನಗೆ ನಾಚಿಕೆ. ಅವರೂ ನನ್ನನ್ನು ಕೋಚ್ ಅನ್ನಲ್ಲ, ಅಣ್ಣಾ ಅಂತಾರೆ. ಈ 'ಅಣ್ಣಾ' ಎಂಥ ದೊಡ್ಡ ಗೋಡೆ ಅಂತ ಆಗ ಗೊತ್ತಿರಲಿಲ್ಲ.

ಆ ಹುಡುಗ ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯವನು. ಕೊನೇ ಸೆಮಿಸ್ಟರ್. ಕ್ಯಾಂಪಸ್‌ನಲ್ಲಿ ಕೆಲಸ ಆಗಿರಲಿಲ್ಲ. ಎದುರಿಗೆ ಕೂತು ಪಫ್ ತಿನ್ನದೆ ತಟ್ಟೆಯಲ್ಲೇ ಬಿಟ್ಟು, ನಾನು ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟ. ಜಾವಾ ಕಲೀಲಾ, ಟೆಸ್ಟಿಂಗ್‌ಗೆ ಹೋಗಲಾ ಅನ್ನೋದು ಅವನು ಹೇಳಿಕೊಂಡ ಸಮಸ್ಯೆ. ಐವತ್ತು ನಿಮಿಷದಲ್ಲಿ ನಾನದನ್ನ ಎಷ್ಟು ಚೆನ್ನಾಗಿ ಬಿಡಿಸಿದೆ ಅಂದ್ರೆ ನನಗೇ ಖುಷಿಯಾಯ್ತು. ಕೊನೇ ಐದು ನಿಮಿಷದಲ್ಲಿ ಎಲ್ಲವನ್ನೂ ಒಟ್ಟು ಮಾಡಿ ಮೂರು ಕೆಲಸ ಪಟ್ಟಿ ಮಾಡಿದೆ. ಯಾವತ್ತು, ಎಷ್ಟು ಗಂಟೆಗೆ, ಅಡ್ಡಿ ಬಂದರೆ ಏನು ಮಾಡೋದು, ಎಲ್ಲಾ. ಅವನು ನೋಟ್‌ಬುಕ್ಕಲ್ಲಿ ಬರಕೊಂಡ. 'ಸರಿ ಅನ್ಸುತ್ತಾ?' ಅಂದೆ. 'ಆಯ್ತಣ್ಣ' ಅಂದ.

ಮಂಚೇನಹಳ್ಳಿ ಮೇಲೆ ಹೋಗೋ ಬಸ್ಸು ನಿಂತಿತ್ತು. ಜೊತೆಯಲ್ಲೇ ನಡೆದೆ. ಬಸ್ಸು ಹೊರಟಿತು, ಅವನು ಓಡಿ ಹತ್ತಿ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿ ಹೇಳಿದ:

'ಅಣ್ಣಾ, ಸೀಮೆ ಹಸು ಎರಡೂ ಮಾರಿದ್ವಿ. ನಾಳೆ ಇನ್ನೊಂದು ಕಂತು ಕಟ್ಬೇಕು.'

'ಹೌದಾ? ಫೋನಲ್ಲಿ ಮಾತಾಡೋಣ' ಅಂದೆ.

'ಆಯ್ತಣ್ಣ.'

ಕಾಲೇಜ್ ಫೀಸ್ ಇರಬೇಕು ಅಂದುಕೊಂಡೆ. ಸೋಮವಾರ, ಮಂಗಳವಾರ ಆಫೀಸಲ್ಲಿ ರಿಲೀಸ್ ಇತ್ತು. ಬುಧವಾರ ರಾತ್ರಿ ಫೋನ್ ಮಾಡಿದೆ. ಅದು ಫೀಸಾಗಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ಏಜೆಂಟ್, ಬ್ಯಾಕ್‌ಡೋರ್‌ನಲ್ಲಿ ದೊಡ್ಡ ಕಂಪನಿ ಕೆಲಸ ಕೊಡಿಸ್ತೀನಿ ಅಂತ ಒಂದೂವರೆ ಲಕ್ಷಕ್ಕೆ ಮಾತಾಡಿದ್ದ. ಹಸು ಮಾರಿ ಎಪ್ಪತ್ತು ಸಾವಿರ ಆಗಲೇ ಕೊಟ್ಟಿದ್ದರು. ಸೋಮವಾರ ಅಮ್ಮನ ಸರ ಅಡ ಇಟ್ಟು ಉಳಿದ ಎಂಬತ್ತು ಸಾವಿರವನ್ನೂ ಕಟ್ಟಿದ್ದರು. ಅವನು ಭಾನುವಾರ ಚಿಕ್ಕಬಳ್ಳಾಪುರದವರೆಗೆ ಬಂದಿದ್ದೇ 'ಕಟ್ಟಬಹುದಾ, ಬೇಡವಾ' ಅಂತ ಕೇಳೋಕೆ. ಜಾವಾನೂ ಅಲ್ಲ, ಟೆಸ್ಟಿಂಗೂ ಅಲ್ಲ.

ಒಂದೂವರೆ ತಿಂಗಳಾದ ಮೇಲೆ ಏಜೆಂಟನ ಫೋನ್ ಸ್ವಿಚ್ ಆಫ್. ಆಫೀಸಿದ್ದ ಮಹಡಿಗೆ ಹೋದರೆ ಬೋರ್ಡೇ ಇಲ್ಲ.

ನನ್ನನ್ನು ಕಾಡಿದ್ದು ಇನ್ನೊಂದು. ಸೆಷನ್ ಆದ ಮೇಲೆ ಎಲ್ಲರಿಗೂ ಒಂದು ಸಣ್ಣ ಫೀಡ್‌ಬ್ಯಾಕ್ ಫಾರಂ ಕಳಿಸ್ತೀನಿ. ಅವನು ಆ ಭಾನುವಾರ ಸಂಜೆ, ಬಸ್ಸಿನಲ್ಲೇ ಇರಬೇಕು, ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದ. 'ತುಂಬಾ ಚೆನ್ನಾಗಿತ್ತು ಅಣ್ಣ' ಅಂತ ಬರೆದು ಕೈಮುಗಿಯೋ ಚಿತ್ರ ಹಾಕಿದ್ದ. ಆ ಫಾರಂ ಈಗಲೂ ಇದೆ. ಲೆಕ್ಕದ ಪ್ರಕಾರ ಅದು ನನ್ನ ಅತ್ಯುತ್ತಮ ಸೆಷನ್‌ಗಳಲ್ಲಿ ಒಂದು.

ಇದು ಹೇಗೆ ಸಾಧ್ಯ ಅಂತ ಯೋಚಿಸುವಾಗ ಡೇನಿಯಲ್ ಕಾನೆಮನ್ ನೆನಪಾದರು. ಅವರೂ ರೆಡೆಲ್‌ಮಿಯರ್ ಅನ್ನೋ ವೈದ್ಯರೂ ಸೇರಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕರುಳಿಗೆ ಕೊಳವೆ ಹಾಕಿ ನೋಡೋ ಕೊಲೊನೋಸ್ಕೋಪಿ ಮಾಡಿಸಿಕೊಂಡವರನ್ನು, ನಿಮಗೆ ಒಟ್ಟು ಎಷ್ಟು ನೋವಾಯ್ತು ಅಂತ ಕೇಳಿದರು. ಪರೀಕ್ಷೆ ಎಷ್ಟು ಹೊತ್ತು ನಡೀತು ಅನ್ನೋದು ಜನರ ನೆನಪಿನಲ್ಲಿ ಹೆಚ್ಚು ಕಮ್ಮಿ ಲೆಕ್ಕಕ್ಕೇ ಇರಲಿಲ್ಲ. ಅತಿ ಹೆಚ್ಚು ನೋವಾದ ಗಳಿಗೆ ಮತ್ತು ಕೊನೆಯ ಕೆಲವು ನಿಮಿಷ, ಇವೆರಡೇ ಉಳಿದಿದ್ದವು. 2003ರಲ್ಲಿ ಇನ್ನೊಂದು ಪ್ರಯೋಗ ಮಾಡಿ, ಪರೀಕ್ಷೆಯ ಕೊನೆಗೆ ಬೇಕಂತಲೇ ಸ್ವಲ್ಪ ಹೊತ್ತು ಹೆಚ್ಚು, ಆದರೆ ಕಡಿಮೆ ನೋವಾಗುವಂತೆ ಸೇರಿಸಿದರು. ಹಾಗೆ ಮಾಡಿಸಿಕೊಂಡವರು ಪರೀಕ್ಷೆ ಅಷ್ಟೇನೂ ಕೆಟ್ಟದಾಗಿರಲಿಲ್ಲ ಅಂದರು.

ಆಸ್ಪತ್ರೆಯಲ್ಲಿ ಇದಕ್ಕೆ ಅರ್ಥ ಇದೆ. ನೆನಪು ಹಗುರವಾದರೆ ಆ ಮನುಷ್ಯ ಮುಂದಿನ ಸಲ ಪರೀಕ್ಷೆಗೆ ಬರ್ತಾನೆ. ನನ್ನ ಬೇಕರಿಯಲ್ಲಿ? ಕೊನೇ ಐದು ನಿಮಿಷವನ್ನು ನಾನು ಸಿಹಿ ಮಾಡಿದೆ. ಹುಡುಗನಿಗೆ ಒಳ್ಳೆಯದಾಯ್ತು ಅನ್ನೋ ಭಾವನೆ ಬಂತು, ನನಗೂ ಬಂತು. ಒಳಗಿದ್ದದ್ದು ಒಳಗೇ ಉಳೀತು. ಚೆನ್ನಾಗಿ ಮುಗಿಸೋದನ್ನು ಕಲಿತವನು ಏನೂ ಕೊಡದೆಯೂ ಕೊಟ್ಟಂತೆ ಕಾಣಿಸಿಬಿಡಬಹುದು. ಇದು ಒಂಥರಾ ಮೋಸ ಅಲ್ವಾ? ಏಜೆಂಟನದ್ದೂ ಅದೇ ಕಸುಬು ತಾನೇ, ಬಂದವರು ಸಮಾಧಾನದಿಂದ ಎದ್ದು ಹೋಗೋ ಹಾಗೆ ಮಾಡೋದು.

ಜೊತೆಯಲ್ಲೇ ತರಬೇತಿ ಪಡೆದ ಗೆಳೆಯನೊಬ್ಬನಿಗೆ ಇದನ್ನು ಹೇಳಿದೆ. ಅವನು ಒಪ್ಪಲಿಲ್ಲ. 'ಕ್ಲೈಂಟ್ ಏನು ತರ್ತಾನೋ ಅದರ ಮೇಲೆ ತಾನೇ ಕೆಲಸ ಮಾಡೋದು? ಅವನು ಜಾವಾ ತಂದ, ನೀನು ಜಾವಾ ಮಾಡಿದೆ. ಅವನ ನಿರ್ಧಾರದ ಹೊಣೆ ನಿಂದು ಅಂತ ಅಂದ್ಕೊಂಡ್ರೆ ಅದು ನಿನ್ನ ಅಹಂಕಾರ' ಅಂದ. ಇದರಲ್ಲಿ ನಿಜ ಇದೆ. ನಾನು ಭಾನುವಾರವೇ 'ಕಟ್ಟಬೇಡ' ಅಂದಿದ್ದರೂ ಅವರಪ್ಪ ಕಟ್ಟುತ್ತಿದ್ದರೋ ಏನೋ. ಆದರೆ ಗೆಳೆಯನ ಮಾತು ಇಬ್ಬರು ಸಮಾನರ ನಡುವೆ ಸರಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ರೇಟು ಹಿಡಿಸದಿದ್ದರೆ ರೈತ ಒಪ್ಪಲ್ಲ ಅನ್ನಬಹುದು. ಅಣ್ಣನ ಮುಂದೆ ಕೂತ ತಮ್ಮನಿಗೆ ಆ ಸೌಕರ್ಯ ಇಲ್ಲ. 'ಆಯ್ತಣ್ಣ' ಅಂದರೆ ಒಪ್ಪಿದೆ ಅಂತಾನೂ ಆಗುತ್ತೆ, ಮುಗೀತು ಅಂತಾನೂ ಆಗುತ್ತೆ, ನಿಮ್ಮ ಟೈಮ್ ಆಯ್ತು ನನಗೆ ಗೊತ್ತು ಅಂತಾನೂ ಆಗುತ್ತೆ. ನಾನು ನನಗೆ ಬೇಕಾದ ಅರ್ಥ ತಗೊಂಡೆ.

ಅವನದು ಎಚ್. ನರಸಿಂಹಯ್ಯನವರ ತಾಲ್ಲೂಕು. 1920ರಲ್ಲಿ ಹೊಸೂರಿನಲ್ಲಿ ಹುಟ್ಟಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೇ ಪರೀಕ್ಷೆ ಮಾಡಲು ಸಮಿತಿ ಮಾಡಿದ ಮನುಷ್ಯ. ಪ್ರಶ್ನೆ ಕೇಳಿ, ಕೇಳಿ ಅಂತ ಜೀವನವಿಡೀ ಹೇಳಿದವರು. ಅವರ ತಾಲ್ಲೂಕಿನ ಹುಡುಗ ನನ್ನೆದುರು ಐವತ್ತು ನಿಮಿಷ ಕೂತು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪ್ರಶ್ನೆಗಳೆಲ್ಲಾ ನನ್ನವೇ. ಕೋಚ್ ಆದವನು ಪ್ರಶ್ನೆ ಕೇಳಬೇಕು ಅಂತ ಕಲಿತಿದ್ದೆನಲ್ಲಾ!

ಆಮೇಲೆ ನನಗೆ ದಾರಿ ಸಿಕ್ಕಿದ್ದು ತರಬೇತಿಯ ನೋಟ್ಸಿನಲ್ಲಲ್ಲ, ನಮ್ಮ ಹುಳುಮನೆಯಲ್ಲಿ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ರೇಷ್ಮೆ ಇಲಾಖೆಯ ಪ್ರದರ್ಶಕರೊಬ್ಬರು ಬರುತ್ತಿದ್ದರು. ಊರವರೆಲ್ಲಾ 'ರೇಷ್ಮೆ ಸಾರ್' ಅಂತಿದ್ದರು. ಹಳೇ ಸೈಕಲ್ಲು, ಹೆಗಲಲ್ಲಿ ಚೀಲ. ಅಪ್ಪನ ಜೊತೆ ಕೂತು ಕಾಫಿ ಕುಡಿದು, ಬಿದಿರಿನ ತಟ್ಟೆಗಳನ್ನು ನೋಡಿ, ಹೇಳಬೇಕಾದ್ದು ಹೇಳೋರು. ಅಪ್ಪನದು ಪ್ರತಿ ಸಲ ಒಂದೇ ಉತ್ತರ, 'ಎಲ್ಲಾ ಚೆನ್ನಾಗದೆ ಸಾರ್'. ಅವರು ಎದ್ದು ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ಳೋರು. ಅಪ್ಪ ಸೈಕಲ್ ಹತ್ತಿರ ಹೋಗಿರೋರು. ಆಗ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿ ಕೇಳೋರು: 'ಅಮ್ಮಾ, ನಾಳೆ ಬೆಳಗ್ಗೆ ಎದ್ದ ತಕ್ಷಣ ಏನು ಮಾಡ್ತೀರಾ?'

ಹುಳು ಸಾಕೋದು ನಿಜವಾಗಿ ಅಮ್ಮ. ಅವರಿಗೆ ಅದು ಗೊತ್ತಿತ್ತು.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳು ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ನಾವದನ್ನು ಜ್ವರ ಅಂತೀವಿ, ಒಂದನೇ ಜ್ವರ, ಎರಡನೇ ಜ್ವರ ಅಂತ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ. ಆಗ ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಉದುರಿಸಿ, ಒಣಗಿರೋ ಹಾಗೆ ನೋಡಿಕೊಂಡು, ಸುಮ್ಮನಿರಬೇಕು. ಹೆಚ್ಚು ಕಮ್ಮಿ ಎಲ್ಲಾ ಹುಳು ಎದ್ದ ಮೇಲೇ ಮತ್ತೆ ಸೊಪ್ಪು. ಮೊದಲು ಎದ್ದವು ಹಸಿದಿವೆ ಅಂತ ಆತುರಪಟ್ಟು ಹಾಕಿದರೆ ಕೆಲವು ಮುಂದೆ, ಕೆಲವು ಹಿಂದೆ ಆಗಿ ಇಡೀ ಬೆಳೆ ಏರುಪೇರಾಗುತ್ತೆ.

ಅಮ್ಮ 'ಸೊಪ್ಪು ಹಾಕ್ತೀನಿ ಸಾರ್' ಅಂದರೆ ಅವರು 'ತಪ್ಪು' ಅನ್ನುತ್ತಿರಲಿಲ್ಲ. 'ಎಲ್ಲಾ ಎದ್ದಿರ್ತಾವಾ?' ಅನ್ನೋರು. ಅಮ್ಮ ಯೋಚಿಸಿ, 'ಮೊದಲು ತಟ್ಟೆ ಎಳೆದು ನೋಡ್ತೀನಿ' ಅನ್ನೋಳು. ಅಷ್ಟಾದ ಮೇಲೇ ಸೈಕಲ್ ಹತ್ತೋರು. ಒಂದು ಸಲ ಅದೇ ಬಾಗಿಲಲ್ಲಿ ಅಮ್ಮ ಅಪ್ಪನ ಕಡೆ ನೋಡಿ, ದನಿ ತಗ್ಗಿಸಿ, 'ಕೆಳಗಿನ ತಟ್ಟೆ ಹುಳ ಊದ್ಕೊಂಡು ಹೊಳೀತಾವೆ ಸಾರ್, ಮುಟ್ಟಿದ್ರೆ ಹಾಲು ಬತ್ತದೆ' ಅಂದಳು. ಹಾಲುತೊಂಡೆ ರೋಗ. ಸಾರ್ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದರು. ಆವತ್ತು ಅವರು ಮುಂದಿನ ಊರಿಗೆ ಹೋಗಲಿಲ್ಲ. ಆ ಬೆಳೆ ಪೂರ್ತಿ ಉಳೀಲಿಲ್ಲ, ಪೂರ್ತಿ ಹೋಗಲೂ ಇಲ್ಲ.

ಅವರು ಯಾವ ಮಾಡೆಲ್ಲೂ ಓದಿರಲಿಕ್ಕಿಲ್ಲ. ಚಪ್ಪಲಿ ಹಾಕ್ಕೊಂಡ ಮೇಲೆ ಇನ್ನೂ ಹತ್ತು ನಿಮಿಷ ಇರಬೇಕು ಅಂತ ಲೆಕ್ಕ ಇಟ್ಟುಕೊಂಡೇ ಬರುತ್ತಿದ್ದರು, ಅಷ್ಟೆ. ನಾನು ಕೊನೇ ಐದು ನಿಮಿಷವನ್ನು ಸೆಷನ್ನಿಗೆ ಮುಚ್ಚಳ ಹಾಕೋ ಹೊತ್ತು ಅಂದುಕೊಂಡಿದ್ದೆ. ಅವರಿಗೆ ಅದು ಅಮ್ಮನ ಪಾಲಿನ ಹೊತ್ತು.

ಈಗ ನಾನು ಬೇಕರಿಯಲ್ಲಿ ಒಟ್ಟು ಮಾಡಿ ಹೇಳೋದನ್ನ ಬಿಟ್ಟಿದ್ದೀನಿ. ಮೂವತ್ತೈದನೇ ನಿಮಿಷಕ್ಕೆ ಪೆನ್ ಕೆಳಗಿಟ್ಟು, 'ನಾಳೆ ಬೆಳಗ್ಗೆ ಏನು ಮಾಡ್ತೀಯಾ?' ಅಂತ ಕೇಳ್ತೀನಿ. ಉತ್ತರ ಸಪ್ಪೆಯಾಗಿದ್ದರೂ ಸುಧಾರಿಸೋಕೆ ಹೋಗಲ್ಲ. ಇದು ಬಹಳ ಕಷ್ಟ. ನನ್ನ ಬಾಯಲ್ಲಿ ಚೆಂದದ ವಾಕ್ಯ ರೆಡಿ ಇರುತ್ತೆ.

ಇನ್ನೊಂದು ಸಣ್ಣ ಬದಲಾವಣೆ. ಮೊದಲೆಲ್ಲಾ 'ಇನ್ನೇನಾದ್ರೂ ಇದ್ಯಾ?' ಅಂತಿದ್ದೆ. ಅದಕ್ಕೆ ನಮ್ಮ ಕಡೆ ಒಂದೇ ಉತ್ತರ, 'ಏನಿಲ್ಲಣ್ಣ'. ಜಾನ್ ಹೆರಿಟೇಜ್ ಮತ್ತು ಅವರ ಜೊತೆಗಾರರು ಅಮೆರಿಕದ ಡಾಕ್ಟರುಗಳ ಮೇಲೆ ಇದೇ ವಿಷಯವಾಗಿ ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಕೆಲವು ಡಾಕ್ಟರು ರೋಗಿಯನ್ನು 'ಎನಿಥಿಂಗ್ ಎಲ್ಸ್' ಅಂತ ಕೇಳಿದರು, ಕೆಲವರು 'ಸಮ್‌ಥಿಂಗ್ ಎಲ್ಸ್' ಅಂತ. ಒಂದೇ ಪದದ ವ್ಯತ್ಯಾಸ. ಎರಡನೇ ಥರ ಕೇಳಿದಾಗ ರೋಗಿಗಳು ಹೇಳದೇ ಉಳಿಸಿಕೊಂಡು ಹೋಗುವ ತೊಂದರೆಗಳು ಬಹಳ ಕಮ್ಮಿಯಾದವು. ಮೊದಲನೇ ಥರ ಕೇಳಿದ್ದರಿಂದ ಏನೂ ಉಪಯೋಗ ಆಗಲಿಲ್ಲ. ಓದಿದಾಗ ನಗು ಬಂತು. ನಮ್ಮ ಅಜ್ಜಿ ಯಾವತ್ತೂ 'ಏನಾದ್ರೂ ಇದ್ಯಾ' ಅಂತ ಕೇಳಿದವಳೇ ಅಲ್ಲ. 'ಇನ್ನೂ ಏನೋ ಇಟ್ಕೊಂಡಿದ್ದೀಯ, ಹೇಳು' ಅನ್ನೋಳು.

ಇದರಿಂದ ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ. ಚಿಂತಾಮಣಿ ಕಡೆಯ ಒಬ್ಬ ಹೆಣ್ಣುಮಗಳು, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು, ವಿಡಿಯೋ ಕಾಲ್‌ನಲ್ಲಿ ಮಾತಾಡ್ತಿದ್ದರು. ಹೊಸದಾಗಿ ಕಲಿತ ಉತ್ಸಾಹದಲ್ಲಿ, ಮುಗಿಯಲು ಎರಡು ನಿಮಿಷ ಇದ್ದಾಗ, 'ಇನ್ನೂ ಏನೋ ಇದೆ ಅಲ್ವಾ?' ಅಂದೆ. ಅವರು ಅತ್ತುಬಿಟ್ಟರು. ಮನೆಯೊಳಗಿನ ವಿಷಯ, ನನ್ನ ಕೈಗೆ ಮೀರಿದ್ದು. ಅದೇ ಹೊತ್ತಿಗೆ ನನ್ನ ಪರದೆ ಮೇಲೆ ಮುಂದಿನ ಮೀಟಿಂಗಿನ ಸೂಚನೆ ಕುಣಿಯುತ್ತಿತ್ತು. ಆ ಮೀಟಿಂಗ್ ಬಿಟ್ಟೆ. ನನಗೆ ಇದು ಗೊತ್ತಿಲ್ಲ, ಗೊತ್ತಿರೋ ಆಪ್ತಸಮಾಲೋಚಕರ ಹತ್ತಿರ ಹೋಗೋಣ ಅಂತ ಒಪ್ಪಿಸಿದೆ. ಅರ್ಧ ಗಂಟೆ ಹಿಡೀತು. ಬಾಗಿಲು ತೆರೆಯೋದಾದರೆ ನಿಲ್ಲೋಕೆ ಹೊತ್ತು ಇಟ್ಟುಕೊಂಡೇ ತೆರೆಯಬೇಕು ಅಂತ ಆವತ್ತು ಗೊತ್ತಾಯ್ತು. ಕೊನೇ ಎರಡು ನಿಮಿಷದಲ್ಲಿ ಆ ಪ್ರಶ್ನೆ ಕೇಳೋದು ಕುತೂಹಲ ಅಷ್ಟೆ, ಕಾಳಜಿ ಅಲ್ಲ.

ಇನ್ನೊಂದು ಹೆದರಿಕೆಯೂ ಇದೆ. ಹೀಗೆ ಹೊಸ್ತಿಲಲ್ಲಿ ನಿಂತು ನಿಂತು ನಾನೇ ಊರ ಯಜಮಾನ ಆಗಿಬಿಟ್ಟರೆ? ಹುಡುಗರು ಫೋನ್ ಕೊಳ್ಳೋಕೂ 'ಅಣ್ಣಾ ಯಾವುದು ತಗೊಳ್ಳಿ' ಅಂತಾರೆ. ಅವರು ಪ್ರತಿ ಸಲ ಹೋಗಿ ಮತ್ತೆ ಬರುವಂತಾದರೆ ನಾನು ಮಾಡಿದ್ದೇನು? ಸಲಹೆ ಕೊಡಬಾರದು ಅನ್ನೋ ನಿಯಮ ಇರೋದು ಇದೇ ಕಾರಣಕ್ಕೆ, ಅದನ್ನು ನಾನು ಗೌರವಿಸ್ತೀನಿ. ಆದರೆ ಎಂಬತ್ತು ಸಾವಿರ ಕಟ್ಟೋಕೆ ಹೊರಟವನಿಗೆ 'ನಿನಗೇನನ್ನಿಸುತ್ತೆ?' ಅಂತ ಕೇಳ್ತಾ ಕೂರೋದಿಲ್ಲ. ಕೆಲಸಕ್ಕೆ ಮುಂಚೆ ಕಾಸು ಕೇಳೋನು ಕಳ್ಳ ಅಂತ ಮೊದಲು ಹೇಳ್ತೀನಿ, ಕೋಚಿಂಗ್ ಆಮೇಲೆ.

ಆ ಹುಡುಗನ ಊರಿಗೆ ಹೋಗಿದ್ದೆ. ಪೊಲೀಸ್ ಕಂಪ್ಲೇಂಟ್ ಕೊಡೋಕೆ ಜೊತೆಗೆ ಹೋದೆ, ಕೊಟ್ಟೆವು, ದುಡ್ಡು ಬಂದಿಲ್ಲ. ಮನೆಯಲ್ಲಿ ಅವರಪ್ಪ ಕಾಫಿ ಕೊಟ್ಟು ಮಳೆ ವಿಷಯ ಮಾತಾಡಿದರು. ದನದ ಕೊಟ್ಟಿಗೆ ಖಾಲಿ ಇತ್ತು, ಒಂದು ಮೂಲೆಯಲ್ಲಿ ಕ್ಯಾನ್ ಬೋರಲು ಹಾಕಿದ್ದರು. ಹೊರಡುವಾಗ ಬೇಕಂತಲೇ ನಿಧಾನವಾಗಿ ಚಪ್ಪಲಿ ಹಾಕ್ಕೊಂಡೆ. ಅವರು ತೆಲುಗಿನಲ್ಲಿ ಕೇಳಿದರು, 'ನಮ್ ಹುಡುಗ ನಿಮ್ಮತ್ರ ಬಂದಿದ್ನಂತಲ್ಲಾ ಮುಂಚೇನೇ, ನೀವು ಏನಂದ್ರಿ?' ಅಂತ. ಜಾವಾ ಕಲಿ ಅಂದೆ ಅಂತ ಹೇಳಿದೆ. ಅವರಿಗೆ ಅರ್ಥವಾಯ್ತೋ ಇಲ್ಲವೋ. ತಲೆ ಆಡಿಸಿ, 'ಪೋಯಿ ರಾಪ್ಪಾ' ಅಂದರು.

ಹುಡುಗ ಈಗ ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡ್ತಾ, ಬಿಡುವಿನಲ್ಲಿ ಓದ್ತಿದ್ದಾನೆ. ಎರಡು ವಾರಕ್ಕೊಮ್ಮೆ ಫೋನ್‌ನಲ್ಲಿ ಮಾತಾಡ್ತೀವಿ. ಮೊನ್ನೆ ನಾನು ಯಾವುದೋ ಕೋರ್ಸಿನ ಬಗ್ಗೆ ಉದ್ದಕ್ಕೆ ಹೇಳ್ತಿದ್ದೆ. ಮಧ್ಯದಲ್ಲೇ ಅವನು 'ಅಣ್ಣಾ, ಒಂದ್ ನಿಮಿಷ' ಅಂದ. 'ಇವತ್ತಿಗೆ ಸಾಕು. ನಾಳೆ ಬೆಳಗ್ಗೆ ಶಿಫ್ಟ್ ಮುಗಿಸ್ಕೊಂಡು ಬಂದು ಆ ಎರಡನೇ ಪ್ರಾಬ್ಲಂ ಒಂದೇ ಮಾಡ್ತೀನಿ, ಬೇರೆದು ಬೇಡ. ಫ್ಯಾಕ್ಟರಿ ಬಸ್ ಬಂತು, ಬರ್ತೀನಿ' ಅಂತ ಹೇಳಿ, ನಾನು ಬಾಯಿ ತೆರೆಯೋ ಮುಂಚೆ ಫೋನ್ ಇಟ್ಟ.